ಬಾದಾಮಿಯ ಕಲ್ಲೋಣಿಯಲ್ಲಿ

ಬಾದಾಮಿ ಎಂದರೆ ಗುಹೆಗಳು, ಹದಿನೆಂಟು ಕೈಯ ನಟರಾಜ, ಅಷ್ಟೇ ಅಂದುಕೊಂಡಿದ್ದೀರಾ? ಶಿವಮೊಗ್ಗದ ವಿದ್ಯಾನಗರದಿಂದ ಅಮ್ಮನನ್ನು ಕರೆದುಕೊಂಡು ಹೊರಡುವವರೆಗೆ ನಾನೂ ಹಾಗೇ ಅಂದುಕೊಂಡಿದ್ದೆ. ಹುಬ್ಬಳ್ಳಿ, ಗದಗ ದಾಟಿ ಅಗಸ್ತ್ಯತೀರ್ಥದ ದಂಡೆ ಸೇರುವಷ್ಟರಲ್ಲಿ ಅಮ್ಮನ ಮೊಣಕಾಲು ಮುಷ್ಕರ ಹೂಡಿತ್ತು. "ನಾನಿಲ್ಲೇ ಕೂತಿರ್ತೀನಿ. ನೀನು ಹತ್ತಿ, ಫೋಟೋ ತೆಗೆದುಕೊಂಡು ಬಾ" ಅಂದರು.

ಮ್ಯೂಸಿಯಮ್ಮಿನ ಬಳಿಯಿಂದ ಉತ್ತರದ ಕೋಟೆಗೆ ದಾರಿ. ಸ್ವಲ್ಪ ನಡೆಯುತ್ತಲೇ ಎರಡೂ ಕಡೆಯಿಂದ ಕೆಂಪು ಗೋಡೆಗಳು ಒತ್ತರಿಸಿಕೊಂಡು ಬಂದವು. ಯಾರೂ ಕಟ್ಟಿದ ಗೋಡೆಗಳಲ್ಲ, ಬಂಡೆಯೇ ಬಿರಿದು ಆದ ಓಣಿ! ನಮ್ಮ ಮಲೆನಾಡಿನ ಜಂಬಿಟ್ಟಿಗೆಯಲ್ಲ ಇದು, ಮರಳುಗಲ್ಲು. ಕೋಟ್ಯಂತರ ವರ್ಷಗಳ ಹಿಂದೆ ಹಾಸಿದ ಮರಳು ಗಟ್ಟಿಯಾಗಿ, ಕಬ್ಬಿಣದ ಅಂಶದಿಂದ ಕೆಂಪಾಗಿದೆ. ಪದರಗಳೋ, ಪೇರಿಸಿಟ್ಟ ಚಪಾತಿಗಳ ಹಾಗೆ! ಕ್ರಿ.ಶ. 578ರ ಶಾಸನವಿರುವ ಮೂರನೆಯ ಗುಹೆಯನ್ನು ಚಾಲುಕ್ಯರು ಕೊರೆದದ್ದೂ ಇಂಥ ಕಲ್ಲಿನಲ್ಲೇ.

ಅಮೆರಿಕದ ಆಂಟಿಲೋಪ್ ಕಣಿವೆಯ ಚಿತ್ರಗಳನ್ನು ನೀವು ಕ್ಯಾಲೆಂಡರಿನಲ್ಲಿ ನೋಡಿರಬಹುದು. ಅದೂ ಮರಳುಗಲ್ಲಿನ ಸಂದಿಯೇ. ಆದರೆ ಅದನ್ನು ಕೊರೆದದ್ದು ಮರುಭೂಮಿಯ ದಿಢೀರ್ ಪ್ರವಾಹಗಳು. 1997ರಲ್ಲಿ ಅಂಥದೊಂದು ಪ್ರವಾಹಕ್ಕೆ ಅಲ್ಲಿ 11 ಪ್ರವಾಸಿಗರು ಬಲಿಯಾದರು. ಇಲ್ಲಿ ನನಗೆ ಕಾಟ ಕೊಟ್ಟದ್ದು ಕೋತಿಗಳು ಮಾತ್ರ. ಬಿಸ್ಕತ್ತಿನ ಪೊಟ್ಟಣ ಹೋಯಿತು, ಮೊಬೈಲು ಉಳಿಯಿತು. ನೀವು ಹೋದರೆ ತಿಂಡಿಯನ್ನು ಕೈಯಲ್ಲಿ ಹಿಡಿಯಬೇಡಿ.

ಮೊದಲ ಫೋಟೋಗಳು ಕೆಟ್ಟವು ಕಣ್ರೀ. ಫ್ಲ್ಯಾಶ್ ಹಾಕಿದೆ, ಗೋಡೆ ಸುಣ್ಣ ಬಳಿದಂತೆ ಬಿಳಿಚಿಕೊಂಡಿತು. ಆಕಾಶ ಸೇರಿಸಿದೆ, ಕಲ್ಲು ಕಪ್ಪಾಯಿತು. ಕಡೆಗೆ ಸುಮ್ಮನೆ ನಿಂತು ನೋಡಿದೆ. ಬಿಸಿಲು ಒಂದು ಗೋಡೆಯ ನೆತ್ತಿಗೆ ಬಿದ್ದು, ಅಲ್ಲಿಂದ ಪುಟಿದು ಎದುರು ಗೋಡೆಯನ್ನು ಕೆಂಡದಂತೆ ಬೆಳಗುತ್ತಿತ್ತು. ನೇರ ಬಿಸಿಲಿಲ್ಲದ ಕಡೆಯೇ ಬಣ್ಣ! ಫ್ಲ್ಯಾಶ್ ಆರಿಸಿ, ಆಕಾಶ ಬಿಟ್ಟು, ಕೈ ನಡುಗದಂತೆ ಮೊಬೈಲನ್ನು ಬಂಡೆಗೆ ಒತ್ತಿ ಹಿಡಿದೆ. ಇಳಿದು ಬರುತ್ತಿದ್ದ ಹೆಂಗಸೊಬ್ಬರನ್ನು ಕೇಳಿಕೊಂಡು ಗೋಡೆಯ ಬುಡದಲ್ಲಿ ನಿಲ್ಲಿಸಿದೆ. ಬಂಡೆ ಎಷ್ಟು ಎತ್ತರ ಅಂತ ಫೋಟೋದಲ್ಲಿ ತಿಳಿದದ್ದು ಆಗಲೇ.

ಶಿವಾಲಯಗಳವರೆಗೆ ಹೋಗಿ ಕೆಳಗಿಳಿದೆ. ಅಮ್ಮ ಫೋಟೋಗಳನ್ನು ಒಂದೊಂದಾಗಿ ಬೆರಳಿನಿಂದ ಹಿಗ್ಗಿಸಿ ನೋಡಿದರು.

"ಇದು ಎಷ್ಟು ದೂರ?"

"ಮೊದಲನೇ ತಿರುವೇ ಅಮ್ಮ."

ಸೆರಗು ಬಿಗಿದು ಎದ್ದೇಬಿಟ್ಟರು! ನನ್ನ ತೋಳು ಹಿಡಿದು, ಎರಡು ಕಡೆ ಕೂತು ಸುಧಾರಿಸಿಕೊಂಡು, ಅಂತೂ ಆ ತಿರುವು ಮುಟ್ಟಿದೆವು. ಅಂಗೈಯನ್ನು ಗೋಡೆಗೆ ಒತ್ತಿ ಹಿಡಿದರು.

"ಫೋಟೋದಲ್ಲಿ ಬೆಂಕಿ ಥರ ಕಾಣ್ತಿತ್ತು. ತಣ್ಣಗಿದೆಯಲ್ಲೇ" ಅಂದರು.