ಹಳೆ ಕಾರಿಗೆ ಬೇರೆ ಎಂಜಿನ್

ಅಮೆರಿಕಕ್ಕೆ ದುಡಿಯಲು ಬಂದ ನಮ್ಮಂಥವರ ಮನೆ ಮುಂದೆ ಹದಿನೈದು ವರ್ಷ ದಾಟಿದ ಜಪಾನಿ ಸೆಡಾನ್ ಒಂದು ನಿಂತಿರೋದು ಸಾಮಾನ್ಯ. ಬಂದ ಹೊಸತರಲ್ಲಿ ಯಾರಿಂದಲೋ ಕೊಂಡಿದ್ದು. ಸಾಲ ಇಲ್ಲ, ಇನ್ಶೂರೆನ್ಸ್ ಕಡಿಮೆ, ಪಾರ್ಕಿಂಗಿನಲ್ಲಿ ಯಾರಾದರೂ ಗೀಚಿ ಹೋದರೂ ಹೊಟ್ಟೆ ಉರಿಯೋದಿಲ್ಲ. ಅಂಥ ಕಾರಿನ ಎಂಜಿನ್ ಕೈಕೊಟ್ಟರೆ ಎಲ್ಲರದೂ ಒಂದೇ ಮಾತು: "ಗುಜರಿಗೆ ಹಾಕಿ, ಹೊಸದು ತಗೊಳ್ಳಿ." ನಾವು ಹಾಕಲಿಲ್ಲ. 2024ರ ಅಕ್ಟೋಬರಿನಲ್ಲಿ ನ್ಯೂಜೆರ್ಸಿಯ ಬಾಡಿಗೆ ಮನೆಯ ಗ್ಯಾರೇಜಿನಲ್ಲೇ ಹಳೆ ಎಂಜಿನ್ ಇಳಿಸಿ ಬೇರೆಯದನ್ನು ಕೂರಿಸಿದೆವು. ಈ ಯೋಚನೆ ಇನ್ನೂ ಕೆಲವರ ತಲೆಯಲ್ಲಿ ಇರಬಹುದು ಅಂತ ಬರೀತಿದ್ದೇವೆ.

ನಾವು ಅಂದರೆ ಭಾವ ಮತ್ತು ಬಾಮೈದ. ಭಾವ ಬಿ.ಕಾಂ. ಓದಿ ಗೋದಾಮಿನ ಕಂಪನಿಯೊಂದರಲ್ಲಿ ಲೆಕ್ಕ ನೋಡುವವರು, ವಯಸ್ಸು ನಲವತ್ತು ದಾಟಿದೆ. ಬಾಮೈದ ದಾವಣಗೆರೆಯಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಓದುವಾಗ ರಜೆಯಲ್ಲಿ ಪಿ.ಬಿ. ರಸ್ತೆಯ ಗ್ಯಾರೇಜಿನಲ್ಲಿ ಸ್ಪ್ಯಾನರ್ ಹಿಡಿದವನು, ಆಮೇಲೆ ಬಿ.ಇ. ಮುಗಿಸಿ ಸಾಫ್ಟ್‌ವೇರಿಗೆ ಬಂದವನು. ಇಬ್ಬರ ಸಂಸಾರಕ್ಕೂ ಸೇರಿ ಇರೋದು ಇದೊಂದೇ ಕಾರು: 2007ರ ಮಾಡೆಲ್, 2.4 ಲೀಟರಿನ ನಾಲ್ಕು ಸಿಲಿಂಡರ್, ಓಡಿದ್ದು 2,14,000 ಮೈಲಿ.

ಬೇಸಿಗೆಯಿಂದಲೇ ಅದು ಆಯಿಲ್ ಕುಡೀತಿತ್ತು. 500 ಮೈಲಿಗೆ ಒಂದು ಕ್ವಾರ್ಟ್. ಹಿಂದೆ ನೀಲಿ ಹೊಗೆ, ಏರು ಹತ್ತುವಾಗ ಒಳಗೆ ಟಕಟಕ ಸದ್ದು. ಪಾರ್ಟ್ಸ್ ಅಂಗಡಿಯಲ್ಲಿ ಠೇವಣಿ ಇಟ್ಟರೆ ಕಂಪ್ರೆಷನ್ ಗೇಜ್ ಪುಕ್ಕಟೆಯಾಗಿ ಕೊಡ್ತಾರೆ, ವಾಪಸ್ ಕೊಟ್ಟಾಗ ದುಡ್ಡೂ ವಾಪಸ್. ತಂದು ನೋಡಿದೆವು. ಚೆನ್ನಾಗಿರೋ ಎಂಜಿನ್‌ನಲ್ಲಿ 170-180 ಪಿ.ಎಸ್.ಐ. ಬರಬೇಕು. ನಮ್ಮದರಲ್ಲಿ ಮೂರು ಸಿಲಿಂಡರಿಗೆ 150ರ ಆಸುಪಾಸು, ಇನ್ನೊಂದಕ್ಕೆ 85. ಆ ಸಿಲಿಂಡರಿಗೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ನೋಡಿದರೆ 130. ಹಾಗೆ ಏರಿದರೆ ಪಿಸ್ಟನ್ ರಿಂಗ್ ಸವೆದಿದೆ ಅಂತ ಅರ್ಥ. ಏರದಿದ್ದರೆ ವಾಲ್ವಿನ ಕಡೆ ನೋಡಬೇಕು. "ಭಾವ, ಇದು ಎಂಜಿನ್ ಕೆಲಸಕ್ಕೇ ಬಂತು" ಅಂದ ಬಾಮೈದ.

ಅದೇ ಹೊತ್ತಿಗೆ ಇನ್ನೊಂದು ಪೆಟ್ಟು ಬಿತ್ತು. ಸೆಪ್ಟೆಂಬರ್ 20ಕ್ಕೆ ಅವನ ಕೆಲಸ ಹೋಯಿತು. ಎಚ್-1ಬಿ ವೀಸಾದವರಿಗೆ ಕೆಲಸ ಹೋದರೆ ಹೆಚ್ಚೆಂದರೆ 60 ದಿನ ಗಡುವು. ಅಷ್ಟರೊಳಗೆ ಬೇರೆ ಕಂಪನಿ ಅರ್ಜಿ ಹಾಕಬೇಕು, ಇಲ್ಲಾ ಬೇರೆ ದಾರಿ ನೋಡಬೇಕು, ಅದೂ ಆಗದಿದ್ದರೆ ಗಂಟುಮೂಟೆ ಕಟ್ಟಬೇಕು. ಮನೆಯಲ್ಲಿ ಎರಡು ಮಕ್ಕಳು ಶಾಲೆಗೆ ಹೋಗುತ್ತಿವೆ. ಊರಲ್ಲಿ ಅತ್ತೆಯವರ ಮಂಡಿ ಆಪರೇಷನ್ನಿಗೆ ಅಂತ ತೆಗೆದಿಟ್ಟ ದುಡ್ಡು ಮುಟ್ಟುವ ಹಾಗಿಲ್ಲ.

ಹತ್ತಿರದ ಗ್ಯಾರೇಜೊಂದರಲ್ಲಿ ಕೇಳಿದರೆ 4,800 ಡಾಲರ್ ಅಂದರು. ಕಾರು ಒಳ್ಳೆ ಸ್ಥಿತಿಯಲ್ಲಿ ಇದ್ದಿದ್ದರೂ 3,500 ಬರೋದು ಕಷ್ಟ. ಹೊಸದಕ್ಕಾದರೆ ತಿಂಗಳಿಗೆ 430ರಂತೆ ಐದು ವರ್ಷ. ಲೆಕ್ಕದ ಪುಸ್ತಕದಲ್ಲಿ ಇಂಥ ಕಾರು ಸವಕಳಿ ಕಳೆದು ಸೊನ್ನೆಗೆ ಬಂದಿರುತ್ತೆ, ನಿಜ. ಆದರೆ 60 ದಿನದಲ್ಲಿ ದೇಶ ಬಿಡಬೇಕಾಗಬಹುದಾದ ಮನೆಯವರು 60 ತಿಂಗಳ ಸಾಲಕ್ಕೆ ಸಹಿ ಹಾಕೋದು ಯಾವ ಲೆಕ್ಕ? ಹೊಸ ಕಾರು ಅಂಗಡಿಯ ಬಾಗಿಲು ದಾಟಿದ ದಿನವೇ ಬೆಲೆ ಕಳೆದುಕೊಳ್ಳುತ್ತೆ. ಅವಸರದಲ್ಲಿ ಮಾರಿದರೆ ಸಾಲ ತೀರಿಸೋಕೆ ಕೈಯಿಂದ ಹಾಕಬೇಕು. ಈ ದೇಶದಲ್ಲಿ ಕಂತಿಲ್ಲದ ಕಾರು ಇರೋದು ನಮ್ಮಂಥವರಿಗೆ ಒಂದು ಥರ ಉಳಿತಾಯ ಖಾತೆ ಅಂತ ನಮ್ಮ ಅಭಿಪ್ರಾಯ. ಒಪ್ಪದವರು ಒಪ್ಪದಿರಲಿ.

ಬಾಮೈದನ ಕೈ ಖಾಲಿ ಇತ್ತು, ವಿದ್ಯೆ ಇತ್ತು. ಅವನಿಗೆ ಕೂಲಿ ಕೊಟ್ಟರೆ ಕಾನೂನಿಗೆ ವಿರೋಧ. ಅಕ್ಕನ ಮನೇಲಿ ಊಟಕ್ಕೆ ಯಾರ ಅಡ್ಡಿಯೂ ಇಲ್ಲ.

ಸೆಕೆಂಡ್ ಹ್ಯಾಂಡ್ ಎಂಜಿನ್ ಎರಡು ಕಡೆಯಿಂದ ಸಿಗುತ್ತೆ. ಒಂದು ಇಲ್ಲಿನ ಗುಜರಿ ಯಾರ್ಡ್, ಅಪಘಾತವಾದ ಕಾರುಗಳದ್ದು. ಇನ್ನೊಂದು ಜಪಾನಿನಿಂದ ಹಡಗಿನಲ್ಲಿ ಬಂದದ್ದು. ಅಲ್ಲಿ ಹೊಸ ಕಾರಿಗೆ ಮೂರು ವರ್ಷಕ್ಕೆ, ಆಮೇಲೆ ಎರಡೆರಡು ವರ್ಷಕ್ಕೊಮ್ಮೆ ದುಬಾರಿ ತಪಾಸಣೆ ಮಾಡಿಸಬೇಕಾದ್ದರಿಂದ ಕಡಿಮೆ ಓಡಿದ ಗಾಡಿಗಳನ್ನೂ ಜನ ಬಿಟ್ಟುಬಿಡ್ತಾರೆ. ಜಪಾನಿನ ಎಂಜಿನ್‌ನಲ್ಲಿ ಸೆನ್ಸರ್, ಮ್ಯಾನಿಫೋಲ್ಡ್ ಕೆಲವೊಮ್ಮೆ ಬೇರೆ ಇರುತ್ತವೆ, ಹಳೆಯದನ್ನು ಬಿಚ್ಚಿ ಹಾಕಿಕೊಳ್ಳಬೇಕು. ಅದು ಬೇಡ ಅಂತ ಯಾರ್ಡಿನಿಂದಲೇ ತಂದೆವು: 94,000 ಮೈಲಿ ಓಡಿದ್ದು, 90 ದಿನದ ವಾರಂಟಿ. ತರುವ ಮುಂಚೆ ಕಾರಿನ ವಿ.ಐ.ಎನ್. ನಂಬರ್ ಕೊಟ್ಟು ಅದಕ್ಕೇ ಹೊಂದುವ ಎಂಜಿನ್ ಹೌದೋ ಅಲ್ಲವೋ ಅಂತ ಖಾತ್ರಿ ಮಾಡಿಕೊಳ್ಳಬೇಕು. ಸಾಮಾನ್ಯವಾಗಿ ಎಂಜಿನ್ ಯಾವುದು ಅಂತ ಆ ನಂಬರಿನಿಂದ ಗೊತ್ತಾಗುತ್ತೆ.

ಮನೆ ಮಾಲೀಕರನ್ನು ಮೊದಲೇ ಕೇಳಿದ್ದೆವು. ನೆಲಕ್ಕೆ ಒಂದು ತೊಟ್ಟು ಆಯಿಲ್ ಬೀಳಬಾರದು, ಮೂರು ದಿನದಲ್ಲಿ ಮುಗೀಬೇಕು ಅಂತ ಎರಡು ಷರತ್ತು ಹಾಕಿದರು. ಮನೆ ಮುಂದೆ ದೊಡ್ಡ ರಿಪೇರಿ ಮಾಡಬಾರದು ಅನ್ನೋ ನಿಯಮ ಕೆಲವು ಊರುಗಳಲ್ಲಿದೆ, ಅದನ್ನೂ ವಿಚಾರಿಸಿಕೊಳ್ಳಿ. ಮೂರನೇ ಷರತ್ತು ಮನೆಯವರದು: "ಒಬ್ಬರೇ ಇದ್ದಾಗ ಯಾರೂ ಕಾರಿನ ಕೆಳಗೆ ಹೋಗಕೂಡದು. ಬರೀ ಜಾಕಿನ ಮೇಲೆ ನಿಲ್ಲಿಸಕೂಡದು." ಕಾರನ್ನು ನಾಲ್ಕು ಸ್ಟ್ಯಾಂಡಿನ ಮೇಲೆ ಕೂರಿಸಿ, ಇಬ್ಬರೂ ಸೇರಿ ಅಲ್ಲಾಡಿಸಿ ನೋಡಿ ಆಮೇಲೆ ಕೆಳಗೆ ಹೋದೆವು.

ಎಂಜಿನ್ ಎತ್ತುವ ಹಾಯ್ಸ್ಟ್ ಬಾಡಿಗೆಗೆ ತಂದ ಶುಕ್ರವಾರ ಆಯುಧಪೂಜೆ. ಮನೆಯವರು ಹಾಯ್ಸ್ಟಿಗೂ ಸ್ಪ್ಯಾನರ್ ಪೆಟ್ಟಿಗೆಗೂ ಕುಂಕುಮ ಇಟ್ಟರು. ಚಕ್ರದ ಕೆಳಗೆ ನಿಂಬೆಹಣ್ಣು ಇಡೋಣ ಅಂದ್ರೆ ಚಕ್ರ ನೆಲದಲ್ಲೇ ಇರಲಿಲ್ಲ.

ಬಿಚ್ಚೋ ಕೆಲಸ ಬುದ್ಧಿಯದಲ್ಲ, ಶಿಸ್ತಿನದು. ಬ್ಯಾಟರಿಯ ನೆಗೆಟಿವ್ ತೆಗೆಯುವ ಮುಂಚೆ ಫ್ಯೂಯಲ್ ಪಂಪಿನ ಫ್ಯೂಸ್ ಕಿತ್ತು, ಎಂಜಿನ್ ತಾನಾಗೇ ನಿಲ್ಲೋವರೆಗೆ ಓಡಿಸಿ ಪೈಪಿನ ಒತ್ತಡ ಇಳಿಸಬೇಕು. ಕೂಲೆಂಟ್ ತೆಗೆದದ್ದು ಮುಚ್ಚಳವಿರೋ ಡಬ್ಬಿಗೇ ಹೋಗಬೇಕು. ಅದು ಸಿಹಿ ಇರುತ್ತೆ, ನಾಯಿ ಬೆಕ್ಕು ನೆಕ್ಕಿದರೆ ಸಾಯುತ್ತವೆ. ಏ.ಸಿ. ಪೈಪುಗಳನ್ನು ನಾವು ಬಿಚ್ಚಲೇ ಇಲ್ಲ. ಆ ಗ್ಯಾಸನ್ನು ಗಾಳಿಗೆ ಬಿಡೋದು ಇಲ್ಲಿ ಅಪರಾಧ. ಕಂಪ್ರೆಸರನ್ನು ಪೈಪಿನ ಸಮೇತ ಬೋಲ್ಟ್ ತೆಗೆದು ಪಕ್ಕಕ್ಕೆ ಹಗ್ಗದಲ್ಲಿ ಕಟ್ಟಿದರೆ ಸಾಕು.

ಒಂದೊಂದು ವೈರಿನ ಕನೆಕ್ಟರಿಗೂ ಮಾಸ್ಕಿಂಗ್ ಟೇಪ್ ಸುತ್ತಿ ಕನ್ನಡದಲ್ಲಿ ಬರೆದೆವು: "ಎಡ ಮೇಲೆ 3", "ಹಿಂದೆ, ಕೈಗೆ ಸಿಗಲ್ಲ". ಬೋಲ್ಟುಗಳು ಅಡುಗೆಮನೆಯ ಜಿಪ್ ಚೀಲಗಳಿಗೆ ಹೋದವು. ಚೀಲಕ್ಕೊಂದು ನಂಬರು, ನಂಬರಿಗೊಂದು ಫೋಟೊ, ಎಲ್ಲಾ ಒಂದು ಪಟ್ಟಿಯಲ್ಲಿ. ಇಲ್ಲಿ ಭಾವನ ಬಿ.ಕಾಂ. ಕೆಲಸಕ್ಕೆ ಬಂತು; ಕೊನೆಯಲ್ಲಿ ಒಂದು ನಟ್ಟೂ ಉಳಿಯಲಿಲ್ಲ, ಕಮ್ಮಿಯೂ ಆಗಲಿಲ್ಲ.

ಕಾಡಿದ್ದು ತುಕ್ಕು. ಚಳಿಗಾಲದಲ್ಲಿ ಇಲ್ಲಿ ರಸ್ತೆಗೆ ಉಪ್ಪು ಸುರೀತಾರಲ್ಲ, ಅದು ಹದಿನೇಳು ವರ್ಷ ಸೈಲೆನ್ಸರ್ ಪೈಪಿನ ಬೋಲ್ಟುಗಳನ್ನು ತಿಂದಿತ್ತು. ಮೂರು ದಿನ ಮುಂಚಿನಿಂದ ತುಕ್ಕು ಬಿಡಿಸೋ ಎಣ್ಣೆ ಹಾಕಿಟ್ಟಿದ್ದರೂ ಒಂದು ಬೋಲ್ಟಿನ ತಲೆ ಮುರೀತು. ಗರಗಸದಲ್ಲಿ ಕೊಯ್ದು ತೆಗೆಯೋ ಹೊತ್ತಿಗೆ ಎರಡು ಗಂಟೆ ಹೋಯಿತು. ಶನಿವಾರ ಸಂಜೆ ಸುಮಾರು 300 ಪೌಂಡಿನ ಎಂಜಿನ್ ಸರಪಳಿಯಲ್ಲಿ ತೂಗುತ್ತಾ ಮೇಲೆ ಬಂದಾಗ ಮಕ್ಕಳನ್ನು ಬಾಗಿಲಾಚೆಯೇ ನಿಲ್ಲಿಸಿದ್ದೆವು. ಗೇರ್‌ಬಾಕ್ಸ್ ಕಾರಿನಲ್ಲೇ ಉಳೀತು, ಅದಕ್ಕೆ ಕೆಳಗಿನಿಂದ ಜಾಕಿನ ಆಸರೆ.

ಹೊಸದಾಗಿ ಬಂದ ಎಂಜಿನ್ ಹೊರಗೆ ಇದ್ದಾಗಲೇ ಹಿಂದಿನ ಮೇನ್ ಸೀಲ್, ವಾಟರ್ ಪಂಪ್, ಥರ್ಮೋಸ್ಟಾಟ್, ವಾಲ್ವ್ ಕವರಿನ ಗ್ಯಾಸ್ಕೆಟ್, ಪ್ಲಗ್, ಬೆಲ್ಟ್ ಬದಲಾಯಿಸಿದೆವು. ಆ ಸೀಲ್ ಕೆಲವೇ ಡಾಲರಿನದು, ಆದರೆ ಆಮೇಲೆ ಸೋರಿದರೆ ಮತ್ತೆ ಇಷ್ಟೂ ಬಿಚ್ಚಬೇಕು.

ಇದನ್ನು ಮಾಡುವವರು ಒಂದು ವಿಷಯ ಮರೀಬೇಡಿ. ಆಟೊಮ್ಯಾಟಿಕ್ ಗಾಡಿಯಲ್ಲಿ ಗೇರ್‌ಬಾಕ್ಸಿನ ಬಾಯಲ್ಲಿರೋ ಟಾರ್ಕ್ ಕನ್ವರ್ಟರನ್ನು ತಿರುಗಿಸುತ್ತಾ ಒತ್ತಿ, ಹಂತಹಂತವಾಗಿ ಪೂರ್ತಿ ಒಳಗೆ ಕೂರಿಸಿರಬೇಕು. ಎಂಜಿನ್ ಮತ್ತು ಗೇರ್‌ಬಾಕ್ಸ್ ಕೈಯಿಂದ ತಳ್ಳಿದರೇ ಒಂದಕ್ಕೊಂದು ಸೇರಬೇಕು. ಸೇರದಿದ್ದಾಗ ಬೋಲ್ಟು ಬಿಗಿದು ಎಳೆದರೆ ಗೇರ್‌ಬಾಕ್ಸಿನೊಳಗಿನ ಪಂಪ್ ಒಡೆಯುತ್ತೆ. ಭಾನುವಾರ ಮಧ್ಯಾಹ್ನ ಅದು ಅರ್ಧ ಇಂಚು ದೂರದಲ್ಲಿ ನಿಂತುಬಿಡ್ತು. ಬಾಮೈದ ಬೋಲ್ಟು ಕೈಗೆ ತಗೊಳ್ಳಲಿಲ್ಲ. ಊಟ ಮಾಡಿ ಬಂದು, ಎಂಜಿನನ್ನು ಮತ್ತೆ ಹಿಂದಕ್ಕೆ ತೆಗೆದು, ಕನ್ವರ್ಟರ್ ಮತ್ತೆ ಕೂರಿಸಿ, ಹಾಯ್ಸ್ಟಿನ ಎತ್ತರ ಒಂದು ಬೆರಳು ಇಳಿಸಿದ. ತಾನಾಗೇ ಹೋಗಿ ಕೂತಿತು.

ಸೋಮವಾರ ಸಂಜೆ ಫ್ಯೂಯಲ್ ಫ್ಯೂಸ್ ಹಾಕದೆ ಬರೀ ಕ್ರ್ಯಾಂಕ್ ಮಾಡಿ ಆಯಿಲ್ ದೀಪ ಆರೋವರೆಗೆ ಕಾದೆವು. ಆಮೇಲೆ ಫ್ಯೂಸ್ ಹಾಕಿ ಕೀಲಿ ತಿರುಗಿಸಿದರೆ ಎರಡನೇ ಸಲಕ್ಕೆ ಸ್ಟಾರ್ಟ್. ಮೊದಲ ಹತ್ತು ನಿಮಿಷ ಹೊಗೆ ಬಂತು, ಅದು ಮ್ಯಾನಿಫೋಲ್ಡಿನ ಮೇಲೆ ಬಿದ್ದಿದ್ದ ಎಣ್ಣೆ ಸುಟ್ಟದ್ದು. ಆಮೇಲೆ ಇಲ್ಲ.

ಖರ್ಚು: ಎಂಜಿನ್ 850, ತರಿಸಿದ್ದಕ್ಕೆ 120, ಸೀಲ್-ಪಂಪ್ ಇತ್ಯಾದಿ 265, ಆಯಿಲ್-ಕೂಲೆಂಟ್ 95, ಹಾಯ್ಸ್ಟ್ ಬಾಡಿಗೆ 130, ಕೈಗವಸು ಮುಂತಾದ ಚಿಲ್ಲರೆ 28. ಒಟ್ಟು 1,488 ಡಾಲರ್. ಹಳೆ ಎಂಜಿನ್ ವಾಪಸ್ ಕೊಡಬೇಕು ಅಂತ ಯಾರ್ಡಿನವರು ಹಿಡಿದಿಟ್ಟಿದ್ದ 100 ಡಾಲರ್ ಬೇರೆ, ಅದು ಬಂತು. ಹಳೆ ಆಯಿಲನ್ನು ಪಾರ್ಟ್ಸ್ ಅಂಗಡಿಯವರೇ ಪುಕ್ಕಟೆ ತಗೊಂಡರು.

ಕಾರಿನ ಇನ್‌ಸ್ಪೆಕ್ಷನ್ ಅದೇ ತಿಂಗಳು ಇತ್ತು. ಬ್ಯಾಟರಿ ತೆಗೆದ ಮೇಲೆ ಕಾರಿನ ಕಂಪ್ಯೂಟರ್ ತನ್ನ ಸ್ವಂತ ಪರೀಕ್ಷೆಗಳನ್ನೆಲ್ಲ ಹೊಸದಾಗಿ ಮುಗಿಸಿಕೊಳ್ಳಬೇಕು, ಅಲ್ಲಿವರೆಗೆ ಹೋದರೆ ಹಾಗೇ ವಾಪಸ್ ಕಳಿಸ್ತಾರೆ. ಒಂದು ವಾರ ಹೈವೇ, ಪೇಟೆ ಎರಡೂ ಕಡೆ ಓಡಿಸಿ, ಚಿಕ್ಕ ಸ್ಕ್ಯಾನರಿನಲ್ಲಿ ನೋಡಿಕೊಂಡು ಹೋದೆವು. ಪಾಸಾಯಿತು.

ಆ ವಾರದ ಓಡಾಟದಲ್ಲಿ ಎರಡು ಬಾಮೈದನ ಇಂಟರ್‌ವ್ಯೂಗಳು. ಎರಡನೆಯದು ಕೈಹಿಡೀತು. ನವೆಂಬರ್ 8ಕ್ಕೆ, ಅಂದರೆ 49ನೇ ದಿನ, ಹೊಸ ಕಂಪನಿ ಅವನ ಅರ್ಜಿ ಹಾಕಿತು. ಆಫೀಸು ಪೆನ್ಸಿಲ್ವೇನಿಯಾದ ಗಡಿ ದಾಟಿ 34 ಮೈಲಿ. ಎಂಜಿನ್ ಈವರೆಗೆ 6,200 ಮೈಲಿ ಓಡಿದೆ. ಸಿಗ್ನಲ್‌ನಲ್ಲಿ ನಿಂತಾಗ ಸ್ಟೀರಿಂಗ್ ಸ್ವಲ್ಪ ನಡುಗುತ್ತೆ, ಒಂದು ಮೌಂಟ್ ಬದಲಾಯಿಸೋದು ಬಾಕಿ ಇದೆ. ಬೆಳಿಗ್ಗೆ ಭಾವನನ್ನು ಗೋದಾಮಿನ ಬಾಗಿಲಲ್ಲಿ ಇಳಿಸಿ ಬಾಮೈದ ಮುಂದೆ ಹೋಗುತ್ತಾನೆ. ಗ್ಯಾಸಿನ ಖರ್ಚು ಅವನದು, ಆಯಿಲಿನ ಖರ್ಚು ಭಾವನದು. ಆ ಎರಡನೆಯದು ಈಗ ಹೆಚ್ಚೇನೂ ಇಲ್ಲ.