ಹೊಳ್ಳಿ ಬಂದಾಗ ಯಾರ ಬರ್ತಾರ?

ನಮ್ಮ ಕಾಕಾನ ಮಗ ಸೈನಿಕನಾದ. ಇದನ್ನ ಬರೆಯುವಾಗ ಎಷ್ಟು ಖುಷಿಯಾಗ್ತಿದೆಯೋ ಅಷ್ಟೇ ನಾಚಿಕೆಯೂ ಆಗ್ತಿದೆ. ಯಾಕೆ ಅಂತ ಹೇಳಿಬಿಡ್ತೀನಿ.

ಪಿಯುಸಿ ಮುಗಿಸಿ ಅಗ್ನಿವೀರಕ್ಕೆ ಅರ್ಜಿ ಹಾಕ್ತೀನಿ ಅಂದಾಗ ಬೆಂಗಳೂರಿನಿಂದ ಫೋನ್ ಮಾಡಿ ಅರ್ಧ ಗಂಟೆ ಭಾಷಣ ಬಿಗಿದವನು ನಾನೇ. "ನಾಲ್ಕ ವರ್ಷದ ನೌಕರಿ ಅದು. ನೂರು ಮಂದ್ಯಾಗ ಹೆಚ್ಚಂದ್ರ ಇಪ್ಪತ್ತೈದು ಮಂದೀನ್ನ ಇಟ್ಕೋತಾರ. ಸುಮ್ನ ಡಿಗ್ರಿ ಮಾಡು." 2022ರ ಜೂನ್‌ನಲ್ಲಿ ಯೋಜನೆ ಘೋಷಣೆಯಾದಾಗ ಓದಿದ್ದನ್ನೆಲ್ಲ ಒದರಿದೆ. ಮೊದಲ ವರ್ಷ ತಿಂಗಳಿಗೆ 30,000, ಅದರಲ್ಲಿ ಕೈಗೆ ಬರೋದು 21,000. ಕೊನೆಗೆ ಸುಮಾರು 11.71 ಲಕ್ಷ ಸೇವಾ ನಿಧಿ, ಪಿಂಚಣಿ ಇಲ್ಲ. ಎಕ್ಸೆಲ್ ಶೀಟ್ ಕಳಿಸೋದೊಂದೇ ಬಾಕಿ ಇತ್ತು. ಅವನು ಎಲ್ಲ ಕೇಳಿಸಿಕೊಂಡು "ಹೂಂ ಅಣ್ಣಾ" ಅಂದ. ಮರುದಿನ ಬೆಳಿಗ್ಗೆ ಐದಕ್ಕೆ ಎದ್ದು ಮತ್ತೆ ಓಡೋದಕ್ಕೆ ಹೋದನಂತೆ!

ನಮ್ಮ ಬೈಲಹೊಂಗಲದ ಕಡೆ ನಸುಕಿನಲ್ಲಿ ಬಂದವರು ಈ ಓಟ ನೋಡಿರ್ತೀರಿ. ಭರ್ತಿಯಲ್ಲಿ 1.6 ಕಿಲೋಮೀಟರನ್ನ ಐದೂವರೆ ನಿಮಿಷದೊಳಗೆ ಓಡಿದರೆ 60 ಅಂಕ, ಹತ್ತು ಪುಲ್-ಅಪ್ ತೆಗೆದರೆ 40. ನಾನೋ, ಆಫೀಸಿನ ಎರಡನೇ ಮಹಡಿಗೂ ಲಿಫ್ಟ್ ಹತ್ತುವ ಪ್ರಾಣಿ :-)

ಅವನು ಪಾಸಾದ. ಬೆಳಗಾವಿಯ ಮರಾಠಾ ಲೈಟ್ ಇನ್‌ಫೆಂಟ್ರಿ ರೆಜಿಮೆಂಟಲ್ ಸೆಂಟರಿನಲ್ಲಿ 31 ವಾರಗಳ ತರಬೇತಿ ಮುಗಿಸಿದ. 1768ರಷ್ಟು ಹಳೆಯ ಪಲ್ಟನ್ ಇರುವ ರೆಜಿಮೆಂಟು ಅದು. ಕಸಮ್ ಪರೇಡ್ ನೋಡೋಕೆ ಕಾಕಾ, ಕಾಕು ಜೊತೆ ನಾನೂ ರಜೆ ಹಾಕಿ ಹೋದೆ.

ಮೈದಾನದಲ್ಲಿ ಎಲ್ಲರದೂ ಒಂದೇ ಹೇರ್‌ಕಟ್ಟು, ಒಂದೇ ಹೆಜ್ಜೆ. ಎಷ್ಟು ಹುಡುಕಿದರೂ ನನಗೆ ಅವನು ಸಿಗಲಿಲ್ಲ. ಕಾಕು ಮಾತ್ರ "ಆ ಕಿವಿ ನೋಡೋ, ಮೂರನೇ ಸಾಲಿನ್ಯಾಗ" ಅಂತ ಬೆರಳು ತೋರಿಸಿದಳು. ಆಮೇಲೆ ಪ್ರತಿಜ್ಞೆ. ಸಂವಿಧಾನಕ್ಕೆ ನಿಷ್ಠನಾಗಿರ್ತೀನಿ, ನೆಲ, ಜಲ, ಆಕಾಶ ಯಾವ ದಾರಿಯಿಂದ ಕಳಿಸಿದರೂ ಹೋಗ್ತೀನಿ, ಪ್ರಾಣಕ್ಕೆ ಅಪಾಯ ಇದ್ದರೂ ಆಜ್ಞೆ ಪಾಲಿಸ್ತೀನಿ ಅನ್ನೋದು ಅದರ ಸಾರ. ನಾನೂ ಕೆಲಸಕ್ಕೆ ಸೇರುವಾಗ ಹತ್ತು ಕಡೆ ಸಹಿ ಹಾಕಿದ್ದೆ. ಅದರಲ್ಲಿ ಅತಿ ಕಠಿಣವಾದ ಷರತ್ತು ಅಂದ್ರೆ ಎರಡು ತಿಂಗಳ ನೋಟಿಸ್ ಪೀರಿಯಡ್ಡು. ನನ್ನ ಲೆಕ್ಕದಲ್ಲಿ ಇದಕ್ಕೊಂದು ಕಾಲಮ್ಮೇ ಇರಲಿಲ್ಲ ಅಂತ ಹೊಳೆದದ್ದು ಆಗ.

ಪರೇಡ್ ಆದಮೇಲೆ ತಂದೆ ತಾಯಿಯರಿಗೆ ಗೌರವ ಪದಕ. ಮಗನನ್ನು ಸೈನ್ಯಕ್ಕೆ ಕೊಟ್ಟಿದ್ದಕ್ಕೆ ಸೈನ್ಯವೇ ಕೊಡುವ ಮರ್ಯಾದೆ. ಕಾಕಾನ ಬಿಳಿ ಅಂಗಿಗೆ ಪಿನ್ ಚುಚ್ಚುವಾಗ ಆತ ಉಸಿರು ಬಿಗಿಹಿಡಿದು ನಿಂತಿದ್ದ. ವಾಪಸ್ ಬರುವಾಗ ದಾರಿಯುದ್ದಕ್ಕೂ ಒಂದು ಕೈ ಪದಕದ ಮೇಲೇ ಇತ್ತು. ಕಬ್ಬಿನ ಬಾಕಿ, ಬೋರ್‌ವೆಲ್ಲು ಬಿಟ್ಟು ಬೇರೆ ಮಾತಾಡದ ಮನುಷ್ಯ ಅವತ್ತು ಏನೂ ಮಾತಾಡಲಿಲ್ಲ.

ಊರಲ್ಲಿ ಹಲಗಿ, ಟ್ರ್ಯಾಕ್ಟರ್ ಮೆರವಣಿಗೆ, ಬಸ್ ಸ್ಟ್ಯಾಂಡಿನ ಹತ್ತಿರ ಆಳೆತ್ತರದ ಬ್ಯಾನರು. ಗುಡಿ ಮುಂದೆ ಶಾಲು ಹೊದಿಸಿ ಮೈಕ್ ಕೊಟ್ಟರು. ಅವನು ಬೆವರುತ್ತಾ ಹೇಳಿದ್ದು ಇಷ್ಟೇ: "ನಾ ಇನ್ನೂ ಏನೂ ಮಾಡಿಲ್ರೀ. ಹ್ಯಾಂಗ ಮಾಡಬೇಕಂತ ಕಲ್ತ ಬಂದೇನಿ, ಅಷ್ಟ." ಜನ ಚಪ್ಪಾಳೆ ತಟ್ಟಿದರು. ಅವನು ಕಲಿತದ್ದನ್ನ ಬಳಸುವ ಪ್ರಸಂಗ ಬರದೇ ಇರಲಿ ಅಂತ ಅಲ್ಲಿದ್ದ ತಾಯಂದಿರೆಲ್ಲ ಬೇಡಿಕೊಂಡಿರಬೇಕು.

ರಾತ್ರಿ ಎಲ್ಲರೂ ಹೋದಮೇಲೆ ಕಾಕು ನನಗೆ ರೊಟ್ಟಿ ಬಡಿಸುತ್ತಾ ಮೆಲ್ಲಗೆ ಕೇಳಿದಳು. "ಕಳಸೂ ಮುಂದ ಎಲ್ಲಾರೂ ಬಂದ್ರು. ನಾಲ್ಕ ವರ್ಷಕ್ಕ ಹೊಳ್ಳಿ ಕಳಿಸಿದ್ರ, ಆವಾಗ ಕರ್ಕೊಂಡ ಬರಾಕ ಯಾರ ಬರ್ತಾರಪಾ?"

ನಾನು ಫೋನಿನಲ್ಲಿ ಕೇಳಿದ್ದೂ ಇದೇ ಪ್ರಶ್ನೆ. ಆದರೆ ನಾನು ಕೇಳಿದ್ದು ಅವನನ್ನ ತಡೆಯೋಕೆ. ಆಕೆ ಕೇಳಿದ್ದು ನಮ್ಮನ್ನೆಲ್ಲ. ತರಬೇತಿ ಮುಗಿಸಿದ ಹುಡುಗನಿಗೆ ಹಾರ ಹಾಕೋದು ಸುಲಭ. ಇಪ್ಪತ್ತೆರಡು ಇಪ್ಪತ್ಮೂರನೇ ವಯಸ್ಸಿಗೆ ಟ್ರಂಕು ಹೊತ್ತು ವಾಪಸ್ ಬಂದವನಿಗೆ "ಯಾಕ, ಇಟ್ಕೋಲಿಲ್ಲೇನ?" ಅಂತ ಕೇಳದೆ ಇರೋದಿದೆಯಲ್ಲ, ನಿಜವಾದ ಸನ್ಮಾನ ಅದು.

"ನಾ ಬರ್ತೀನಿ ಕಾಕು" ಅಂದೆ. ಆಕೆ ಇನ್ನೊಂದು ರೊಟ್ಟಿ ಹಾಕಿದಳು.

ಅವನು ನಿಂತರೂ ಸರಿ, ಬಂದರೂ ಸರಿ, ಆ ದಿನಕ್ಕೆ ನನ್ನ ರಜೆ ಈಗಲೇ ಗಟ್ಟಿ. ನಿಮ್ಮೂರಿನಲ್ಲೂ ಇಂಥ ಹುಡುಗ ಇದ್ದರೆ, ಬ್ಯಾನರ್ ಹರಿದುಹೋದ ಮೇಲೂ ಒಮ್ಮೆ ಮಾತಾಡಿಸಿ.