ವಾತಾಪಿ ಜೀರ್ಣವಾದ ಊರು

ಕೂಸಿಗೆ ಹಾಲು ಕುಡಿಸಿ, ಅದರ ಹೊಟ್ಟೆ ಮೇಲೆ ಕೈಯಾಡಿಸುತ್ತ ‘ವಾತಾಪಿ ಜೀರ್ಣೋ ಭವ’ ಅನ್ನುವುದನ್ನು ಅಜ್ಜಿಯರ ಬಾಯಲ್ಲಿ ನೀವು ಕೇಳಿರಬೇಕು. ಆ ವಾತಾಪಿ ಯಾರು, ಅವನ ಊರು ಯಾವುದು ಅಂತ ಎಂದಾದರೂ ಯೋಚಿಸಿದ್ದೀರಾ? ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ಸೋದರಿಯರಿಗೆ ಅದೇನೂ ದೂರವಲ್ಲ. ನಿಮ್ಮದೇ ಬಾಗಲಕೋಟೆ ಜಿಲ್ಲೆಯ ಬಾದಾಮಿ!

ಮಹಾಭಾರತದಲ್ಲಿ ಈ ಕಥೆ ಹೆಂಡತಿಯ ಆಸೆಯಿಂದಲೇ ಶುರು. ಅಗಸ್ತ್ಯರ ಪತ್ನಿ ಲೋಪಾಮುದ್ರೆ ಅರಮನೆಯಲ್ಲಿ ಬೆಳೆದವಳು. ಒಳ್ಳೆಯ ವಸ್ತ್ರ, ಒಡವೆ ಬೇಕೆಂದಳು. ಹಣ ಕೇಳಲು ಋಷಿಗಳು ಇಲ್ವಲನೆಂಬ ರಾಕ್ಷಸನ ಮನೆಗೆ ಹೋದರು. ಅವನದೊಂದು ಕೆಟ್ಟ ಚಾಳಿ. ತಮ್ಮ ವಾತಾಪಿಯನ್ನು ಟಗರು ಮಾಡಿ, ಅದನ್ನೇ ಅಡಿಗೆ ಮಾಡಿ ಅತಿಥಿಗೆ ಬಡಿಸುವುದು. ಉಂಡ ಮೇಲೆ ‘ವಾತಾಪಿ, ಬಾ’ ಎಂದು ಕೂಗುವುದು. ಅವನು ಅತಿಥಿಯ ಹೊಟ್ಟೆ ಸೀಳಿಕೊಂಡು ಬರುತ್ತಿದ್ದ. ಅಗಸ್ತ್ಯರು ಪೂರ್ತಿ ಉಂಡು, ಅವನು ಆಗಲೇ ಜೀರ್ಣವಾಗಿಹೋದ ಅಂದುಬಿಟ್ಟರು. ಇಲ್ವಲ ಕೂಗಿದ್ದಷ್ಟೇ ಬಂತು!

ಬಾಗಲಕೋಟೆಯಿಂದ ಬಸ್ಸು, ರೈಲು ಎರಡೂ ಉಂಟು. ಬಾದಾಮಿಯ ಹಳೆಯ ಹೆಸರೇ ವಾತಾಪಿ. ಚಾಲುಕ್ಯರ ಮೊದಲನೆಯ ಪುಲಕೇಶಿ 543ರಲ್ಲಿ ಇಲ್ಲಿ ಕೋಟೆ ಕಟ್ಟಿಸಿದ. ನಡುವೆ ಅಗಸ್ತ್ಯ ತೀರ್ಥ, ಎರಡೂ ಕಡೆ ಕೆಂಪು ಕಲ್ಲಿನ ಗುಡ್ಡ. ಅಣ್ಣ-ತಮ್ಮ ರಾಕ್ಷಸರೇ ಈ ಗುಡ್ಡಗಳಾದರು ಅನ್ನುತ್ತಾರೆ ಜನ. ಗುಡ್ಡದಲ್ಲಿ ಕೊರೆದ ನಾಲ್ಕು ಗುಹೆಗಳಿವೆ. ಮೂರನೆಯದರಲ್ಲಿ 578ರ ಶಾಸನವಿದೆ. ಮೆಟ್ಟಿಲು ಬಹಳ, ಬಿಸಿಲೇರುವ ಮೊದಲೇ ಹತ್ತಿಬಿಡಿ. ಮಂಗಗಳಿವೆ, ಬುತ್ತಿಗಂಟು ಜೋಪಾನ!

ಮಧ್ಯಾಹ್ನ ಅಲ್ಲಿಂದ ಸುಮಾರು 5 ಕಿಲೋಮೀಟರ್ ದೂರದ ಬನಶಂಕರಿಗೆ ಹೋಗಿ. ಅಲ್ಲಿಯೂ ರಾಕ್ಷಸನ ಕಥೆಯೇ. ದುರ್ಗಮಾಸುರನಿಂದ ಮಳೆ ನಿಂತು ಬರ ಬಿದ್ದಾಗ, ದೇವಿ ಕಣ್ಣೀರು ಸುರಿಸಿ, ತನ್ನ ಮೈಯಿಂದಲೇ ಕಾಯಿಪಲ್ಯ ಬೆಳೆಸಿ ಲೋಕಕ್ಕೆ ಉಣಿಸಿದಳಂತೆ. ಆಮೇಲೆ ಅವನನ್ನು ಕೊಂದಳು. ಅದಕ್ಕೇ ಆಕೆ ಶಾಕಂಬರಿ. ಬನದ ಹುಣ್ಣಿಮೆಯ ಜಾತ್ರೆಯ ಹೊತ್ತಿಗೆ ಪಲ್ಯದ ಹಬ್ಬದಲ್ಲಿ 108 ಬಗೆ ಪಲ್ಯ ನೈವೇದ್ಯವಾಗುತ್ತದೆ. ಗುಡಿಯ ಹತ್ತಿರ ಹೆಣ್ಣುಮಕ್ಕಳು ಬುಟ್ಟಿಯಲ್ಲಿ ಜೋಳದ ರೊಟ್ಟಿ, ಪಲ್ಯ, ಚಟ್ನಿ, ಗಟ್ಟಿ ಮೊಸರು ತಂದು ಮಾರುತ್ತಾರೆ. ನೆರಳಲ್ಲಿ ಕೂತು ಉಂಡು ನೋಡಿ, ಬುತ್ತಿ ಹೊತ್ತು ತರಬೇಕಿರಲಿಲ್ಲ ಅನಿಸುತ್ತದೆ.

ನೋಡಿದಿರಾ, ಎರಡೂ ಊಟದ ಕಥೆಗಳೇ. ಒಬ್ಬ ಬಡಿಸಿ ಕೊಂದ. ಒಬ್ಬಳು ಬಡಿಸಿ ಬದುಕಿಸಿದಳು. ಮಳೆ ಕಡಿಮೆಯ ಈ ಸೀಮೆಯಲ್ಲಿ ಒಂದು ತುತ್ತಿನ ಬೆಲೆ ಎಲ್ಲರಿಗೂ ಗೊತ್ತು. ಎಲೆಯ ಮುಂದೆ ಕೂತವರು ನಮ್ಮ ಕೈಯನ್ನು ನಂಬಿ ಬಾಯಿಗಿಡುತ್ತಾರೆ. ಇಲ್ವಲ ಮುರಿದದ್ದು ಆ ನಂಬಿಕೆಯನ್ನೇ. ದಿನವೂ ಅಡಿಗೆ ಮಾಡಿ ಬೇಸತ್ತಿದ್ದರೆ ಒಮ್ಮೆ ಮನೆಮಂದಿಯನ್ನೆಲ್ಲ ಹೊರಡಿಸಿ, ಬಾದಾಮಿ ನೋಡಿ ಬನ್ನಿ. ಬಂದ ಮೇಲೆ ಕೂಸಿನ ಹೊಟ್ಟೆ ಸವರುವಾಗ ಈ ಕಥೆಯನ್ನೂ ಹೇಳಿ.